ಬಿ ಬಾಟಲಿಯ ಸಾಕ್ಷಿ

ನಾನು ಒಂದು ಗಾಜಿನ ಬಾಟಲಿ. ಆಟಗಾರರ ಮೂತ್ರ ಪರೀಕ್ಷೆಗೆಂದೇ ಕುಲುಮೆಯಿಂದ ಜೋಡಿಯಾಗಿ ಹೊರಬಂದವರು ನಾವು. ಅಣ್ಣನ ಮೈಮೇಲೆ 'ಎ', ನನ್ನ ಮೈಮೇಲೆ 'ಬಿ'. ಒಬ್ಬರದೇ ಮೂತ್ರವನ್ನು ಇಬ್ಬರಿಗೂ ಹಂಚುತ್ತಾರೆ; ಮೊದಲು ಅಣ್ಣನ ಪರೀಕ್ಷೆ, ಆಟಗಾರರು ಅದನ್ನು ಒಪ್ಪದಿದ್ದರೆ ನನ್ನದು. ಒಮ್ಮೆ ಮುಚ್ಚಿದರೆ ಮುಚ್ಚಳ ಮುರಿಯದೆ ತೆರೆಯಲಾಗದು.

ನನ್ನನ್ನು ಮುಚ್ಚಿದವಳು ವಿಜಯಪುರದ ಸೈಕಲ್ ಪಟು ನೀಲವ್ವ ಹಡಪದ. ರಾಷ್ಟ್ರೀಯ ಸ್ಪರ್ಧೆಯ ಚಿನ್ನ ಕೊರಳಲ್ಲಿರುವಾಗಲೇ ಪರೀಕ್ಷಾ ಕೋಣೆಗೆ ಬಂದು, ಸಹಿ ಹಾಕಿ, ನಗುತ್ತ ಹೋದಳು. ಪ್ರಯೋಗಾಲಯದಲ್ಲಿ ಅಣ್ಣನನ್ನು ತೆರೆದರು. ಸ್ನಾಯು ಬೆಳೆಸುವ ನಿಷೇಧಿತ ಔಷಧದ ಅಂಶ ಸಿಕ್ಕಿತು. ನೀಲವ್ವನ ಪದಕ ಹೋಯಿತು, ಅವಳನ್ನು ಅಮಾನತು ಮಾಡಿದರು.

ತನ್ನೆದುರೇ ನನ್ನನ್ನು ತೆರೆಯಬೇಕೆಂದು ಹಟ ಹಿಡಿದು ಬಂದಳು. ಜೊತೆಗಿದ್ದ ತರಬೇತುದಾರ ರಾಚಯ್ಯನವರು ದನಿ ತಗ್ಗಿಸಿದರು.

"ತಪ್ಪಾತು ಅಂತ ಬರದ್ ಕೊಡವ್ವ. ಶಿಕ್ಷಾ ಕಡಿಮಿ ಆಗತೈತಿ."

"ಮಾಡಲಾರದ್ದನ್ನ ಹೆಂಗ ಒಪ್ಪಲ್ರಿ, ಸರ್?"

ನನ್ನ ಮುಚ್ಚಳ ಮುರಿದರು. ಅವಳನ್ನು ಉಳಿಸುವ ಆಸೆ ನನಗೂ ಇತ್ತು. ಆದರೆ ನನ್ನೊಳಗೂ ಅದೇ ಔಷಧ. ಮರುದಿನ ವಿಜ್ಞಾನಿ ಪ್ರಮೀಳಾ ಶೆಣೈ ಫಲಿತಾಂಶ ಹೇಳಿದಾಗ ರಾಚಯ್ಯನವರು ಕುರ್ಚಿಯಲ್ಲಿ ಕುಸಿದರು. ನೀಲವ್ವ ನಿಂತೇ ಇದ್ದಳು.

"ಬಾಟ್ಲಿ ಸುಳ್ಳ ಹೇಳಿಲ್ರಿ ಮೇಡಂ. ಅದು ನನ್ನ ಮೈಯಾಗ ಇತ್ತು. ಹೆಂಗ ಬಂತು ಅನ್ನೂದು ಬಾಟ್ಲಿಗೆ ಗೊತ್ತಿಲ್ಲ. ನಾ ಹುಡುಕ್ತೀನಿ."

"ಹುಡುಕಿ," ಎಂದರು ಪ್ರಮೀಳಾ. "ಈಗಿನ ಯಂತ್ರಗಳು ಕೆರೆಗೆ ಬಿದ್ದ ಚಿಟಿಕೆ ಸಕ್ಕರೆಯನ್ನೂ ಹಿಡಿಯುತ್ತವೆ. ಇಷ್ಟು ಕಡಿಮೆ ಸಿಕ್ಕಿದಾಗ ಮೂಲ ನೋಡಲೇಬೇಕು."

ತಾನು ಕುಡಿಯುತ್ತಿದ್ದ ಪ್ರೋಟೀನ್ ಪುಡಿಯ ಹೆಸರನ್ನು ನೀಲವ್ವ ಪರೀಕ್ಷೆಯ ದಿನವೇ ಬರೆದುಕೊಟ್ಟಿದ್ದಳು. ಈಗ ಅದೇ ಬ್ಯಾಚಿನ, ಸೀಲು ಒಡೆಯದ ಡಬ್ಬಿಗಾಗಿ ಅಂಗಡಿ ಅಂಗಡಿ ಅಲೆದಳು. ಕೊನೆಗೆ ಜಮಖಂಡಿಯ ಒಂದು ವ್ಯಾಯಾಮಶಾಲೆಯ ಕಪಾಟಿನಲ್ಲಿ ಸಿಕ್ಕಿತು. ಅವಳ ಪ್ರಕರಣದ ವಿಚಾರಣಾ ಸಮಿತಿ ಅದನ್ನು ನಮ್ಮ ಪ್ರಯೋಗಾಲಯಕ್ಕೇ ಕಳಿಸಿತು. ಪುಡಿಯಲ್ಲಿ ಆ ಔಷಧ ಬೆರೆತಿತ್ತು. ಡಬ್ಬಿಯ ಮೇಲೆ ಅದರ ಹೆಸರೇ ಇರಲಿಲ್ಲ.

ಅಮಾನತು ತೆರವಾಯಿತು, ಪದಕ ಮಾತ್ರ ಮರಳಲಿಲ್ಲ. ಹೇಗೇ ಬಂದಿರಲಿ, ಔಷಧ ಮೈಯಲ್ಲಿದ್ದರೆ ಆ ದಿನದ ಗೆಲುವು ರದ್ದು ಎಂಬುದು ನಿಯಮ. ಪುಡಿ ಮಾಡಿದವರ ಕಡೆಯವನೊಬ್ಬ, ಮುಗಿದುಹೋಯಿತಲ್ಲ, ಸುಮ್ಮನಿರಿ ಎಂದನಂತೆ. ಅವಳು ಮರುದಿನವೇ ತನ್ನ ಹೆಸರು ಹಾಕಿ ದೂರು ಕೊಟ್ಟಳು. ಆ ಪುಡಿ ಅಂಗಡಿಗಳಿಂದ ಇಳಿಯಿತು.

ಈಗ ನಾನು ಮುಚ್ಚಳವಿಲ್ಲದ ಮುದಿ ಬಾಟಲಿ, ಪುಡಿಯಾಗಲು ಕಾದಿರುವ ಗಾಜಿನ ರಾಶಿಯಲ್ಲಿದ್ದೇನೆ. ನಿಜ ಹೇಳಿಯೂ ಒಬ್ಬಳನ್ನು ನೋಯಿಸಿದೆನಲ್ಲ ಎಂಬ ಕೊರಗು ಇತ್ತು. ಇವತ್ತು ಪ್ರಮೀಳಾ ಸಹೋದ್ಯೋಗಿಗೆ ಹೇಳುತ್ತಿದ್ದರು: ನೀಲವ್ವ ಮತ್ತೆ ಸ್ಪರ್ಧೆಗಿಳಿದಿದ್ದಾಳೆ. ಮೂರನೆಯವಳಾಗಿ ಬಂದು, ಏದುಸಿರು ಬಿಡುತ್ತಲೇ ಪರೀಕ್ಷಕರ ಮುಂದೆ ನಿಂತಳಂತೆ. ಕಾಗದದ ಮೇಲೆ ರಕ್ತದ ಹನಿ ಒಣಗಿಸುವ ಹೊಸ ಪರೀಕ್ಷೆ. ತಾನಾಗಿಯೇ ಬೆರಳು ಚಾಚಿ ಅಂದಳಂತೆ:

"ಎಷ್ಟ ಬೇಕ ಅಷ್ಟ ತಗೋರಿ. ನಾ ಎಲ್ಲೂ ಓಡಿ ಹೋಗಂಗಿಲ್ಲ."