ನಡೆಯಬಲ್ಲವರ ಕುರ್ಚಿ

"ಕಣ್ಣೇನು ಮನೇಲಿ ಬಿಟ್ಟು ಬಂದಿದೀಯೇನೇ ಗಿಡ್ಡಿ? ಸಾಹೇಬ್ರ ಶೂ ಏನಾಗಿದೆ ನೋಡು. ಒರೆಸು."

ಸೂಪರ್‌ವೈಸರ್ ಅಷ್ಟಕ್ಕೇ ಬಿಡಲಿಲ್ಲ, ಅವಳನ್ನು ಹೆತ್ತವಳನ್ನೂ ಸೇರಿಸಿ ಇನ್ನೊಂದು ಮಾತು ಆಡಿದ. ಲಿಫ್ಟಿನ ಬಾಗಿಲಿಗೆ ತಾಗಿ ಶೂವಿನ ತುದಿಯಲ್ಲಿ ಕೂದಲೆಳೆಯಷ್ಟು ಗೆರೆ ಬಿದ್ದಿತ್ತು. ಗಿಡ್ಡಿ ಮಂಡಿಯೂರಿ ಯೂನಿಫಾರ್ಮಿನ ತೋಳಿನಿಂದ ಉಜ್ಜಿದಳು. ವೀಲ್‌ಚೇರಿನಲ್ಲಿ ಕೂತಿದ್ದವನು ಪಾದವನ್ನು ಆ ಕಡೆ ಈ ಕಡೆ ತಿರುಗಿಸಿ, ಇಲ್ಲೂ ಇದೆ, ಇಲ್ಲೂ ಇದೆ ಎಂದು ತೋರಿಸಿಕೊಟ್ಟ. ಆ ಪಾದಕ್ಕೆ ಯಾವ ರೋಗವೂ ಇಲ್ಲವೆಂದು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ತಳ್ಳುವವರೆಲ್ಲ ಅವನನ್ನು ಟಿಪ್ಸ್ ಸಾಹೇಬ ಎನ್ನುತ್ತಿದ್ದರು. ತಳ್ಳಿದವರ ಕೈಗೆ ಅವನು ಒಂದು ಬಿಡಿಗಾಸನ್ನೂ ಇಟ್ಟವನಲ್ಲ. ಪದೇ ಪದೇ ವಿಮಾನ ಹತ್ತುವುದು, ಹತ್ತುವವರಿಗೆ ಫೋನಿನಲ್ಲಿ ವಿಡಿಯೋ ಮಾಡಿ ಬುದ್ಧಿ ಹೇಳುವುದು, ಇದೇ ಅವನ ಕಸುಬು. ಯಾವ ವಿಮಾನದಲ್ಲಿ ಕಾಲು ಚಾಚಬಹುದು, ಕೈಚೀಲಕ್ಕೆ ಹೊಸದಾಗಿ ಏನು ನಿಯಮ ಬಂತು, ಯಾವ ಲಾಂಜಿನಲ್ಲಿ ಊಟ ಚೆನ್ನ, ಎಲ್ಲ ಹೇಳುತ್ತಿದ್ದ. ಊರೆಲ್ಲ ಓಡಿದ್ದು ಮಾತ್ರ ಒಂದು ಬುದ್ಧಿಮಾತು. ಕಾಲು ನೋವೆಂದು ವೀಲ್‌ಚೇರ್ ಕೇಳಿ, ಯಾರೂ ಡಾಕ್ಟರ ಚೀಟಿ ಕೇಳುವಂತಿಲ್ಲ, ಎಲ್ಲ ಕ್ಯೂ ದಾಟಿ ಎಲ್ಲರಿಗಿಂತ ಮೊದಲು ಒಳಗಿರುತ್ತೀರಿ ಎಂದಿದ್ದ. ಅವತ್ತಿನಿಂದ ಕುರ್ಚಿಗಳಿಗೆ ಬರ ಬಂತು. ಇಳಿಯುವಾಗ ಕುರ್ಚಿಯವರಿಗೆ ಕೊನೆಯ ಸರದಿ ನೋಡಿ, ಹಾಗಾಗಿ ಹತ್ತುವಾಗ ಕುಂಟಿದವರೇ ಇಳಿಯುವಾಗ ಎದ್ದು ಓಡುತ್ತಿದ್ದರು. ತಳ್ಳುವವರು ಊಟದ ಹೊತ್ತಿನಲ್ಲಿ ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಗಿಡ್ಡಿಯೂ ನಕ್ಕಿದ್ದಳು.

ಇವತ್ತು ಅವಳಿಗೆ ನಗು ಬರಲಿಲ್ಲ. ಲಿಫ್ಟಿನ ಎದುರಿನ ಕಂಬಕ್ಕೆ ಒರಗಿ ಒಬ್ಬ ಗಾರೆ ಕೆಲಸದವನು ನೆಲದ ಮೇಲೆ ಕೂತಿದ್ದ. ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡವನು, ತೊಡೆಯವರೆಗೂ ಪ್ಲಾಸ್ಟರ್. ಗುತ್ತಿಗೆದಾರ ಊರಿಗೊಂದು ಟಿಕೆಟ್ ಮಾಡಿಸಿ, ಇವನನ್ನು ಬಾಗಿಲಲ್ಲಿ ಇಳಿಸಿ, ಊರುಗೋಲು ಕಂಪನಿಯದೆಂದು ವಾಪಸ್ಸು ಕಿತ್ತುಕೊಂಡು ಹೋಗಿದ್ದ. ಈ ವಿಮಾನ ತಪ್ಪಿದರೆ ಇನ್ನೊಂದು ಟಿಕೆಟ್ ಇಲ್ಲ, ನಮ್ಮ ಶೆಡ್ಡಿನ ಕಡೆ ತಲೆಯೂ ಹಾಕಬೇಡ, ಬೀದೀಲಿ ಬಿದ್ದು ಸಾಯಿ ಎಂದಿದ್ದನಂತೆ. ತಪಾಸಣೆಯವರೆಗೆ ಇವನಿಗೂ ಕುರ್ಚಿ ಸಿಕ್ಕಿತ್ತು. ಅಷ್ಟರಲ್ಲಿ ಯಾರೋ ವಿಮಾನ ಕಂಪನಿಯ ಗೋಲ್ಡ್ ಕಾರ್ಡಿನವರು ಬಂದರೆಂದು ಇವನನ್ನು ಕಂಬದ ಬುಡದಲ್ಲಿ ಇಳಿಸಿ ಕುರ್ಚಿ ಒಯ್ದಿದ್ದರು. ಟಿಪ್ಸ್ ಸಾಹೇಬ ಹತ್ತಬೇಕಾದ ವಿಮಾನವೇ ಇವನದೂ.

ಗಿಡ್ಡಿ ಸೂಪರ್‌ವೈಸರ್ ಹತ್ತಿರ ದನಿ ತಗ್ಗಿಸಿ ಹೇಳಿದಳು. "ಅವನಿಗೆ ನಿಜವಾಗ್ಲೂ ಕಾಲು ಮುರಿದಿದೆ ಸಾರ್. ಇವ್ರು ಈಗಷ್ಟೇ ಎದ್ದು ಹೋಗಿ ಕಾಫಿ ತಗೊಂಡು ಬಂದ್ರು."

"ಗೋಲ್ಡ್ ಕಾರ್ಡು ಮೊದ್ಲು. ಕೂಲಿಯವನಿಗೆ ಕಾಯೋದೇನು ಹೊಸದಾ? ನಿನ್ನ ಕೆಲಸ ತಳ್ಳೋದು, ತಳ್ಳು."

ತಳ್ಳಿದಳು. ಟಿಪ್ಸ್ ಸಾಹೇಬ ಫೋನನ್ನು ಕೋಲಿಗೆ ಸಿಕ್ಕಿಸಿ ಮೇಲೆತ್ತಿ, ನೋಡುವವರಿಗೆ ನಮಸ್ಕಾರ ಹೇಳಿ, ಅದನ್ನು ಅವಳ ಮುಖಕ್ಕೆ ತಿರುಗಿಸಿದ. ಕೇಳುವ ಸೌಜನ್ಯವೇನೂ ತೋರಿಸಲಿಲ್ಲ. "ಇದು ನೋಡಿ ನಮ್ಮ ಇವತ್ತಿನ ಇಂಜಿನ್ನು. ಸ್ವಲ್ಪ ಗಿಡ್ಡ, ಆದ್ರೆ ಚೆನ್ನಾಗಿ ಓಡುತ್ತೆ," ಎಂದು ತಾನೇ ನಕ್ಕ. ಅವಳ ಮೈಯೆಲ್ಲ ಉರಿಯಿತು. ಆ ಫೋನನ್ನು ಕಿತ್ತು ಅವನ ಬಾಯಿಗೇ ತುರುಕಬೇಕೆನ್ನಿಸಿತು. ಆದರೂ ಮೆತ್ತಗೆ ಓಡಿಸಿದಳು, ಯಾಕೆಂದರೆ ಹೊಟ್ಟೆಪಾಡು.

ಲಾಂಜಿನ ಬಾಗಿಲು ಬರುತ್ತಲೇ ಸಾಹೇಬ ಟಣ್ಣನೆ ಎದ್ದ. ಒಳಗೆ ಕುರ್ಚಿ ತಂದರೆ ನೋಡಿದವರಿಗೆ ಅಸಹ್ಯವಂತೆ. "ಇಲ್ಲೇ ಹಿಡ್ಕೊಂಡು ನಿಂತಿರು. ಬೇರೆಯವರ ಕುಂಡೆ ಇದಕ್ಕೆ ತಾಗಬಾರದು," ಎಂದು ಹೇಳಿ ಕೈಬೀಸಿಕೊಂಡು ನಡೆದುಹೋದ.

ಅಲ್ಲಿ ಅದೂ ಒಂದು ನಿಯಮ. ಕೂತವನು ಎದ್ದು ಹೋದರೂ ಅವನು ಬರುವವರೆಗೆ ತಳ್ಳುವವಳು ಖಾಲಿ ಕುರ್ಚಿ ಕಾಯಬೇಕು. ತಾನು ಅದರಲ್ಲಿ ಕೂರುವಂತಿಲ್ಲ, ಗೋಡೆಗೆ ಒರಗುವಂತೆಯೂ ಇಲ್ಲ. ಗಾಜಿನಾಚೆ ಸಾಹೇಬ ತಟ್ಟೆ ತುಂಬಿಸಿಕೊಂಡು ಒಂದೊಂದು ಪಾತ್ರೆಯ ಮುಂದೂ ನಿಂತು ಫೋನಿಗೆ ಏನೋ ಹೇಳುತ್ತಿದ್ದ. ಮೇಲೆ ಮೈಕಿನಲ್ಲಿ ಆ ವಿಮಾನದ ಹೆಸರು ಕೂಗಿದರು, ಕೊನೆಯ ಕರೆ ಎಂದರು. ಸಾಹೇಬ ತಲೆಯೆತ್ತಲಿಲ್ಲ. ಗೋಲ್ಡ್ ಕಾರ್ಡಿನವನನ್ನು ಬಿಟ್ಟು ವಿಮಾನ ಹೊರಡುವುದಿಲ್ಲವೆಂದು ಅವನಿಗೆ ಗೊತ್ತು. ಗಾರೆಯವನನ್ನು ಬಿಟ್ಟು ಹೊರಡುತ್ತದೆಂದು ಗಿಡ್ಡಿಗೆ ಗೊತ್ತು. ಅವಳು ಖಾಲಿ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ ಓಡಿದಳು.

ಗಾರೆಯವನನ್ನು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುವಾಗ ಅವನು ಹೆದರಿ, ಇದು ಯಾರದಕ್ಕ ಎಂದು ಕೇಳಿದ. ನಿನ್ನದೇ, ಬಾಯಿ ಮುಚ್ಚಿಕೊಂಡು ಕೂತ್ಕೋ ಎಂದಳು.

ಗೇಟಿಗೆ ಇಳಿಯುವ ಲಿಫ್ಟು ಇನ್ನೇನು ಬಂತು ಎನ್ನುವಷ್ಟರಲ್ಲಿ ಟಿಪ್ಸ್ ಸಾಹೇಬ ಓಡಿಬಂದ. ಕಾಲು ನೋವಿನ ಸಾಹೇಬ ಬಿದ್ದಂಬೀಳ ಓಡಿಬಂದು, ಕುರ್ಚಿಗೆ ಅಡ್ಡ ನಿಂತು, ಫೋನು ಹಿಡಿದು ಏದುಸಿರಿನಲ್ಲಿ, ನೋಡಿ, ನಡೆಯಲಾಗದ ಪ್ರಯಾಣಿಕನನ್ನು ಹೇಗೆ ಬಿಟ್ಟುಹೋಗುತ್ತಾರೆ ನೋಡಿ ಎಂದು ಜಗತ್ತಿಗೆ ದೂರು ಹೇಳತೊಡಗಿದ. ಅವನ ಹಿಂದೆಯೇ ಸೂಪರ್‌ವೈಸರ್ ಬಂದ.

"ಇಳಿಯೋ ಬೋಳಿಮಗನೆ," ಎಂದ ಗಾರೆಯವನಿಗೆ.

ಇಂಥ ದನಿ ಕೇಳಿದೊಡನೆ ಏಳುವುದು ಗಾರೆಯವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. "ಇಳೀತೀನಿ ಸ್ವಾಮಿ, ಬೈಬೇಡಿ," ಎನ್ನುತ್ತ ಒಂದೇ ಕಾಲೂರಿ ಎದ್ದೇಬಿಟ್ಟ. ಗಿಡ್ಡಿಗೆ ಸಾಹೇಬನ ಮೇಲಿಗಿಂತ ಅವನ ಮೇಲೇ ಹೆಚ್ಚು ಸಿಟ್ಟು ಬಂತು. ಹೆಗಲು ಒತ್ತಿ ಕೂರಿಸಿದಳು.

"ಏಳಬೇಡ. ಎದ್ರೆ ನಾನೇ ಹೊಡೀತೀನಿ."

ಆಮೇಲೆ ಕುರ್ಚಿಯನ್ನು ನೆಟ್ಟಗೆ ಮುಂದಕ್ಕೆ ನೂಕಿದಳು. ಕಾಲಿಡುವ ಕಬ್ಬಿಣದ ಪಟ್ಟಿ ಸಾಹೇಬನ ಮೊಳಕಾಲಿನ ಕೆಳಗೆ ಸರಿಯಾಗಿ ಬಡಿಯಿತು. ಅವನು ಅಮ್ಮಾ ಎಂದು ಕಾಲು ಹಿಡಿದು ಪಕ್ಕಕ್ಕೆ ಕುಸಿದ. ಆ ದಿನ ಅವನು ನಿಜವಾಗಿ ಕುಂಟಿದ್ದು ಅದೇ ಮೊದಲು.

ಸೂಪರ್‌ವೈಸರ್ ವಾಕಿಟಾಕಿ ಬಾಯಿಗಿಟ್ಟು, "ಆ ಬೇವರ್ಸಿ ಗಿಡ್ಡಿ ಬ್ಯಾಡ್ಜು ಆಫ್ ಮಾಡು. ಈಗ್ಲೇ," ಎಂದ. ಬ್ಯಾಡ್ಜು ತಾಗಿಸದೆ ಆ ಲಿಫ್ಟು ತೆರೆಯುವುದಿಲ್ಲ. ಗಿಡ್ಡಿ ಕೊರಳಲ್ಲಿದ್ದ ಬ್ಯಾಡ್ಜನ್ನು ಲಿಫ್ಟಿಗೆ ಒತ್ತಿದಳು. ಕೆಂಪು ದೀಪ ಹತ್ತಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಕೆಂಪು. ಪಕ್ಕದಲ್ಲಿ ಮೆಟ್ಟಿಲುಗಳಿದ್ದವು, ಅವುಗಳ ಬುಡದಲ್ಲೇ ಗೇಟು. ಅವಳು ಕುರ್ಚಿಯ ಮುಂದೆ ಬಂದು ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತಳು.

"ಬಿಡಕ್ಕ, ನಿನ್ನ ಕೆಲಸ ಹೋಗುತ್ತೆ," ಎಂದ ಗಾರೆಯವನು.

"ಹೋಗಾಯ್ತು. ಕುತ್ತಿಗೆ ಗಟ್ಟಿಯಾಗಿ ಹಿಡ್ಕೋ."

ಅವನು ಬರೀ ಮೂಳೆ, ಭಾರವೆಲ್ಲ ಆ ಪ್ಲಾಸ್ಟರಿನದೇ. ಅದು ಮೆಟ್ಟಿಲಿಗೆ ಬಡಿದಾಗಲೆಲ್ಲ ಅವನು ಕೂಗದೆ ಅವಳ ಹೆಗಲಿನ ಬಟ್ಟೆ ಕಚ್ಚಿ ಹಿಡಿಯುತ್ತಿದ್ದ. ಮೆಟ್ಟಿಲ ತುಂಬ ಜನ. ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತು, ಒಬ್ಬರೂ ಕೈ ಕೊಡಲಿಲ್ಲ.

"ಹಿಡಿಯೋಕಾಗದಿದ್ರೆ ದಾರಿಯಾದ್ರೂ ಬಿಡ್ರೋ ಹಲ್ಕಾಗಳಾ," ಎಂದಳು ಗಿಡ್ಡಿ.

ಕೆಳಗೆ ಗೇಟಿನ ಹುಡುಗಿ ಅರ್ಧ ಮುಚ್ಚಿದ ಬಾಗಿಲ ಹಿಡಿ ಹಿಡಿದುಕೊಂಡು, ಇವರನ್ನೇ ನೋಡುತ್ತ ನಿಂತಿದ್ದಳು. ಮೇಲಿನಿಂದ ಸೆಕ್ಯುರಿಟಿಯವರ ಬೂಟುಗಳು ದಡದಡನೆ ಇಳಿದುಬರುತ್ತಿದ್ದವು. ಗಿಡ್ಡಿ ಹಿಂದೆ ನೋಡದೆ ಇನ್ನೊಂದು ಮೆಟ್ಟಿಲು ಇಳಿದಳು.