ತೇಜಸ್ವಿಗೆ ಚೆಂಡು ಕೊಡಿ

ತೇಜಸ್ವಿಯ ತೂಕ ನೂರ ಮೂವತ್ತೆಂಟು ಕಿಲೋ. ಅದರಲ್ಲಿ ಅರ್ಧ ತಮ್ಮ ಮನೆಯ ತುಪ್ಪದಿಂದ ಬಂದದ್ದೆಂದು ಅವನಪ್ಪ ಇಂದುಧರ ಸ್ಯಾನ್ ಡಿಯಾಗೋದ ಕನ್ನಡ ಕೂಟದಲ್ಲಿ ಹೇಳಿಕೊಳ್ಳುತ್ತಿದ್ದ. ಮಗ ಲಾಸ್ ಏಂಜಲೀಸಿನ ಒಂದು ಕಾಲೇಜು ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಲೈನ್‌ಮನ್. ಚೆಂಡು ಎಸೆಯುವ ಹುಡುಗನ ಮುಂದೆ ನಿಂತು, ಅವನನ್ನು ಕೆಡವಲು ನುಗ್ಗಿ ಬರುವವರನ್ನು ಎದೆಯೊಡ್ಡಿ ತಡೆಯುವುದು ಅವನ ಕೆಲಸ. ಚೆಂಡು ಅವನ ಕೈಗೆ ಬರುವುದಿಲ್ಲ, ಬರಲೂಬಾರದು. ಇದನ್ನು ಮಗ ಮೂರು ವರ್ಷದಲ್ಲಿ ಮೂವತ್ತು ಸಲ ಬಿಡಿಸಿ ಹೇಳಿದ್ದ. ಇಂದುಧರ ಮೂವತ್ತು ಸಲವೂ ತಲೆಯಾಡಿಸಿದ್ದ. ಟೆಲಿಕಾಂ ಕಂಪನಿಯ ಮೀಟಿಂಗುಗಳಲ್ಲಿ ತಲೆಯಾಡಿಸಿ ಇಪ್ಪತ್ತು ವರ್ಷ ಅಭ್ಯಾಸವಾಗಿತ್ತು.

ಕೆಡಿಸಿದ್ದು ಕೂಟದ ಅಧ್ಯಕ್ಷ ಬಾಲಕೃಷ್ಣ. ರಾಜ್ಯೋತ್ಸವದ ಊಟಕ್ಕೆ ಪಕ್ಕದಲ್ಲೇ ಕೂತು, "ಅಲ್ಲ ಇಂದುಧರ್, ನಿಮ್ಮ ಮಗನಿಗೆ ಇನ್ನೂ ಒಂದು ಸಲಾನೂ ಬಾಲ್ ಕೊಟ್ಟಿಲ್ವಂತಲ್ಲ? ನಮ್ಮ ನಿಕಿತಾಗೆ ಆರ್ಕೆಸ್ಟ್ರಾದಲ್ಲಿ ಎರಡನೇ ವರ್ಷಕ್ಕೇ ಸೋಲೋ ಕೊಟ್ರು" ಅಂದ. ಇಂದುಧರ ಅರ್ಧ ತಿಂದ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಾಲಕೃಷ್ಣನಿಗೆ ಹೇಳಬೇಕಾದದ್ದನ್ನು ನುಂಗಿಕೊಂಡು ಇಂದುಧರ ಮಾರನೆಯ ಬೆಳಿಗ್ಗೆ ಕೋಚ್‌ಗೆ ಮೇಲ್ ಬರೆದ. ಜಯನಗರದಲ್ಲಿ ಅವನಪ್ಪ ಹೆಡ್‌ಮಾಸ್ಟರಿಗೆ ಬರೆಯುತ್ತಿದ್ದ ಧಾಟಿಯೇ ಅದು: ಹುಡುಗನ ಹಾಜರಿ ನೂರಕ್ಕೆ ನೂರು, ನಡತೆ ಉತ್ತಮ, ಶಿಸ್ತಿನ ಮನೆತನ, ಆದರೂ ಚೆಂಡು ಕೊಡದಿರುವುದು ನೋವಿನ ಸಂಗತಿ. ಬರೆದದ್ದು ಸಪ್ಪೆ ಅನ್ನಿಸಿ ಕೊನೆಗೊಂದು ಒಗ್ಗರಣೆಯನ್ನೂ ಹಾಕಿದ. ಹೀಗೇ ಮುಂದುವರಿದರೆ ಬೇರೆ ಕಾಲೇಜು ನೋಡಿಕೊಳ್ಳಬೇಕಾದೀತು.

ಆಟಗಾರರು ಅಂಗಿ ಬದಲಿಸಿದಂತೆ ಕಾಲೇಜು ಬದಲಿಸುವ ಕಾಲ ಇದು. ಕೋಚ್‌ನ ತಲೆಗೆ ಹೋದದ್ದು ಆ ಕೊನೆಯ ಸಾಲು ಮಾತ್ರ. ಬಿಟ್ಟು ಹೋಗುವವನನ್ನು ಆಡಿಸುವುದೇಕೆ ಅಂದುಕೊಂಡ.

ಸೀಸನ್ನಿನ ಕೊನೆಯ ಪಂದ್ಯ ಸ್ಯಾನ್ ಡಿಯಾಗೋದಲ್ಲೇ ಇತ್ತು. ವೃತ್ತಿಪರ ತಂಡವೊಂದರಿಂದ ಇಬ್ಬರು ತೇಜಸ್ವಿಯ ಆಟ ನೋಡಲೆಂದೇ ಬಂದಿದ್ದರು. ಅವನು ಮೂರು ವರ್ಷ ಮಂಡಿ ಸವೆಸಿದ್ದು ಆ ಒಂದು ಮಧ್ಯಾಹ್ನಕ್ಕಾಗಿ. ಇಂದುಧರ ನಲವತ್ತು ಕನ್ನಡಿಗರನ್ನು ಕಟ್ಟಿಕೊಂಡು ಬಂದು ಕೂತ.

ತೇಜಸ್ವಿ ಬೆಂಚಿನ ಮೇಲಿದ್ದ. ಅವನ ಜಾಗದಲ್ಲಿ ನಿಂತವನನ್ನು ಎದುರಾಳಿಗಳು ಬಾಗಿಲು ತಳ್ಳಿದಂತೆ ತಳ್ಳಿ ಬಂದರು. ಚೆಂಡು ಎಸೆಯುವ ಹುಡುಗ ಬಿದ್ದ, ಎದ್ದ, ಮತ್ತೆ ಬಿದ್ದ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕಾಮೆಂಟರಿ ಕೇಳುತ್ತಿದ್ದ ಬಾಲಕೃಷ್ಣ ಸಟ್ಟನೆ ತಿರುಗಿದ.

"ನಿಮ್ಮ ಮಗನ ಹೆಸರು ಹೇಳಿದ್ರು ಕಣ್ರೀ. ಇದು ನಾಲ್ಕನೇ ಸಲ."

ಇಂದುಧರ ಎದ್ದೇ ನಿಂತ. "ಏನಂತೆ?"

"ತೇಜಸ್ವಿ ಇದ್ದಿದ್ರೆ ಆ ಹುಡುಗ ಒಂದು ಸಲಾನೂ ಬೀಳ್ತಿರ್ಲಿಲ್ಲ, ಯಾಕೆ ಹೊರಗೆ ಕೂರಿಸಿದಾರೋ, ಅಂತಿದಾರೆ."

ನೋಡಲು ಬಂದಿದ್ದ ಇಬ್ಬರೂ ಅಷ್ಟರಲ್ಲಿ ನೋಟ್‌ಬುಕ್ ಮುಚ್ಚಿಕೊಂಡು ಹೊರಟುಹೋಗಿದ್ದರು.

ಪಂದ್ಯ ಮುಗಿದ ಮೇಲೆ ಆಟಗಾರರ ಗೇಟಿನ ಬಳಿ ಮಗ ಬಂದ. ಅಂಗಿಯ ಮೇಲೆ ಒಂದು ಹುಲ್ಲಿನ ಕಲೆಯೂ ಇರಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವನು ಇವತ್ತು ಕನ್ನಡದಲ್ಲಿ ಕೇಳಿದ.

"ಅಪ್ಪಾ, ಕೋಚ್‌ಗೆ ಮೇಲ್ ಕಳಿಸಿದ್ರಾ?"

"ನಿನ್ನ ಒಳ್ಳೇದಕ್ಕೇ ಕಣೋ..."

"ಲೈನ್‌ಮನ್ ತಪ್ಪು ಮಾಡಿದ್ರೆ ಮಾತ್ರ ಹೆಸರು ಹೇಳ್ತಾರೆ. ಮೂರು ವರ್ಷ ನನ್ನ ಹೆಸರು ಯಾರೂ ಹೇಳ್ಲಿಲ್ಲ. ಅದೇ ನನ್ನ ಎ ಪ್ಲಸ್."

ಇಂದುಧರನಿಗೆ ಭೂಮಿ ಬಾಯಿಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು. ನಾಚಿಕೆಯಾದಾಗ ಅವನ ವಂಶದವರೆಲ್ಲ ಮಾಡುತ್ತಿದ್ದದ್ದನ್ನೇ ಅವನೂ ಮಾಡಿದ. "ತಾಳು, ಕೋಚ್ ಹತ್ರ ನಾನೇ ಮಾತಾಡ್ತೀನಿ" ಎಂದು ಹೊರಟ.

ತೇಜಸ್ವಿ ಅಡ್ಡ ನಿಂತ. ಇಂದುಧರ ಎಡಕ್ಕೆ ಸರಿದರೆ ಮಗ ಎಡಕ್ಕಿದ್ದ. ಬಲಕ್ಕೆ ನುಸುಳಿದರೆ ಅಲ್ಲೂ ಅವನೇ. ಮುಟ್ಟಲಿಲ್ಲ, ಬೈಯಲಿಲ್ಲ, ಒಂದಿಂಚೂ ಬಿಡಲಿಲ್ಲ. ಅವನ ಬೆನ್ನ ಹಿಂದೆ ಕೋಚ್ ನಿಶ್ಚಿಂತೆಯಿಂದ ಬಸ್ಸು ಹತ್ತಿದ. ಆ ದಿನ ತೇಜಸ್ವಿ ಆಡಿದ್ದು ಅಷ್ಟೇ, ನೋಡಿದವನು ಅವನಪ್ಪ ಒಬ್ಬನೇ.