ಐದನೆಯ ಎಲೆ

ದೊಡ್ಡಮುನಿಯಪ್ಪ ಕಾಣೆಯಾಗಿ ಏಳು ವರ್ಷವಾದರೂ ಹೆಂಡತಿ ಪಟಾಲಮ್ಮ ಹಣೆಯ ಕುಂಕುಮ ಅಳಿಸಿರಲಿಲ್ಲ. ಹಲಸೂರಿನಲ್ಲಿ ಮೂರು ಸಲ ಕಾರ್ಪೊರೇಟರ್ ಆಗಿದ್ದ ಮನುಷ್ಯ. ಒಂದು ಸಂಜೆ ಕೆರೆ ಒತ್ತುವರಿ ನೋಡಿಬರುತ್ತೇನೆಂದು ಹೋದವರು ಮರಳಲಿಲ್ಲ. ಪೊಲೀಸರು ಹುಡುಕಿದರು, ಪೇಪರಿನವರು ಬರೆದರು, ಆಮೇಲೆ ಎಲ್ಲರೂ ಸುಮ್ಮನಾದರು. ಹೆಣ ಕಣ್ಣಾರೆ ಕಾಣದೆ ಅವರಿಗೆ ಎಡೆ ಇಡುವುದಿಲ್ಲವೆಂದು ಪಟಾಲಮ್ಮ ಹಟ ಹಿಡಿದಿದ್ದಳು. ಪಿತೃಪಕ್ಷ ಬಂದರೆ ಮೈದುನ ರಾಮಯ್ಯನ ಮನೆ ಕಡೆ ತಲೆಯೇ ಹಾಕುತ್ತಿರಲಿಲ್ಲ.

ಈ ವರ್ಷ ಓರಗಿತ್ತಿ ಜಟ್ಟೆಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಳು. ಬೇರೆ ದಾರಿಯಿಲ್ಲದೆ ಪಟಾಲಮ್ಮನೇ ರಾಮಮೂರ್ತಿ ನಗರದ ಅವರ ಮನೆಗೆ ಬಂದು ಮುದ್ದೆ ಕಟ್ಟಿ, ವಡೆ ಕರಿದು, ಕೋಳಿಸಾರು ಇಳಿಸಿದಳು. ಅತ್ತೆ, ಮಾವ, ಮಾವನ ಅಪ್ಪ, ಅಮ್ಮ ಎಂದು ನಾಲ್ಕು ಬಾಳೆಲೆ ಹಾಸಿದಳು.

“ಇನ್ನೊಂದ್ ಹಾಕಕ್ಕ, ನಮ್ಮನೇಲಿ ಐದು,” ಎಂದಳು ಜಟ್ಟೆಮ್ಮ.

“ಐದನೇದು ಯಾರಿಗೆ?”

“ಯಾರಿಗ್ಗೊತ್ತು? ಕೇಳಿದ್ರೆ ಹಿರೀಕ್ರ ವಿಷ್ಯ ನಿಂಗ್ಯಾಕೆ ಅಂತ ಇವ್ರು ಮೇಲ್ ಬೀಳ್ತಾರೆ. ನಮ್ ಯಮುನಾ ಅಂಬೆಗಾಲಿಡ್ತಿದ್ಳಲ್ಲ, ಆ ವರ್ಷದಿಂದ...” ಜಟ್ಟೆಮ್ಮ ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಅದೇ ವರ್ಷ. ದೊಡ್ಡಮುನಿಯಪ್ಪ ಕಾಣೆಯಾದ ಹತ್ತನೇ ದಿನಕ್ಕೆ ಪಿತೃಪಕ್ಷದ ಅಮಾವಾಸ್ಯೆ ಬಂದಿತ್ತು. ರಾಮಯ್ಯನೇ ಅಂಟಿನ ಬಕೆಟ್ ಹಿಡಿದು ಶಿವಾಜಿನಗರದ ಗೋಡೆಗಳಿಗೆಲ್ಲ ಅಣ್ಣನ ಪಟ ಅಂಟಿಸುತ್ತಿದ್ದ. ಅದೇ ಕೈಯಲ್ಲಿ ಮನೆಗೆ ಬಂದು ಅಣ್ಣನಿಗೆ ಎಡೆಯನ್ನೂ ಇಟ್ಟಿದ್ದ.

ಪಟಾಲಮ್ಮ ಐದನೆಯ ಎಲೆ ಹಾಸಿದಳು. ಮುದ್ದೆ ಇಟ್ಟಳು, ಸಾರು ಹುಯ್ಯಲು ಮಾತ್ರ ಕೈ ಬರಲಿಲ್ಲ.

ಸ್ನಾನ ಮುಗಿಸಿ ಬಂದ ರಾಮಯ್ಯ ಎಲೆಗಳನ್ನು ಕಂಡ, ಅತ್ತಿಗೆಯ ಮುಖ ಕಂಡ. ಕರ್ಪೂರ ಹಚ್ಚುವಾಗ ಎರಡು ಕಡ್ಡಿ ಮುರಿದವು. ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದರು.

ಸ್ವಲ್ಪ ಹೊತ್ತಿಗೆ ಅವನು ಬಾಗಿಲು ತಟ್ಟಿ ತೆರೆಯಲು ಕೈ ಎತ್ತಿದ. ಪಟಾಲಮ್ಮ ಅಡ್ಡ ನಿಂತಳು.

“ಇರಪ್ಪ. ನಿಮ್ಮಣ್ಣ ನಿಧಾನಕ್ಕೆ ಉಣ್ಣೋರು, ಮರ್ತೋಯ್ತಾ?”

“ಅತ್ಗೆ, ಮಗು ಹಸ್ಕೊಂಡೈತೆ...”

“ಏಳು ವರ್ಷದಿಂದ ಬಾಗ್ಲಿಗೆ ಚಿಲ್ಕ ಹಾಕ್ದೆ ಮಲಗ್ತಿದೀನಿ ನಾನು. ಅವ್ರಿಲ್ಲ ಅಂತ ಹತ್ತೇ ದಿನಕ್ಕೆ ನಿಂಗೆ ಹೇಳ್ದೋರ್ಯಾರು?”

ಜಟ್ಟೆಮ್ಮ ಮಗಳನ್ನು ಗೇಟಿನಾಚೆ ಎಳೆದುಕೊಂಡು ಹೋದಳು. ರಾಮಯ್ಯ ಬೀದಿಯ ಎರಡೂ ಕಡೆ ನೋಡಿದ.

“ಯಾರೂ ಹೇಳ್ಲಿಲ್ಲ. ಹೂಳೋದ್ನ ನಾನೇ ಕಂಡೆ. ನಾನ್ ಕೈ ಹಾಕಿಲ್ಲ ಅತ್ಗೆ, ಯಮುನಾ ಆಣೆ! ಬಾಯ್ಬಿಟ್ರೆ ಮಗೂನ ಉಳ್ಸಲ್ಲ ಅಂದ್ರು.”

“ಯಾರು?”

ಅವನು ಅಡ್ಡಡ್ಡ ತಲೆಯಾಡಿಸಿದ. ಅವಳು ಮತ್ತೆ ಕೇಳಿದಳು, ಅವನು ಅವಳ ಕಾಲು ಹಿಡಿದ, ಹೆಸರು ಮಾತ್ರ ಹೇಳಲಿಲ್ಲ.

“ಎಲ್ಲಿ? ಅದನ್ನಾದ್ರೂ ಹೇಳು.”

ರಾಮಯ್ಯ ಕೆ.ಆರ್.ಪುರದ ಕಡೆ ಕೈ ತೋರಿಸಿದ. “ಆ ಕೆರೆ ಏರಿ ಕೆಳ್ಗೆ. ಈಗಲ್ಲಿ ಎಲ್ಲಾ ಮನೆಗಳು.”

ಪಟಾಲಮ್ಮ ತಿರುಗಿ ತಾನೇ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋದಳು. ಸಾರಿನ ಪಾತ್ರೆ ಎಳೆದುಕೊಂಡು, ಐದನೆಯ ಎಲೆಯ ಒಣ ಮುದ್ದೆಯ ಮೇಲೆ ಎರಡು ಸೌಟು ಹುಯ್ದಳು. ಅವರಿಗೆ ಯಾವಾಗಲೂ ಎರಡು.